ಚೌಕ ರಾಡಿನ ತಾಳ

ರೆಕಾರ್ಡಿನ ಮೇಲೆ ಹೆಸರಿಲ್ಲ. ನಡುವಿನ ಬಿಳಿ ಕಾಗದಕ್ಕೆ ಕಪ್ಪು ರಬ್ಬರ್ ಸ್ಟಾಂಪ್ ಒತ್ತಿದ್ದಾರೆ, ಅದೂ ಸ್ವಲ್ಪ ಸೊಟ್ಟಗೆ ಬಿದ್ದಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದ ಅಂಕಿ: 217/300, ಅಂದರೆ ಒತ್ತಿಸಿದ ಮುನ್ನೂರರಲ್ಲಿ ಇದು ಇನ್ನೂರ ಹದಿನೇಳನೆಯದು. ಕವರ್ ಕೂಡ ಸಾದಾ ಕರಿ ಕಾಗದದ್ದು. ಯಾರು ಮಾಡಿದ್ದು, ಯಾವ ಊರಲ್ಲಿ ಕೂತು ಮಾಡಿದ್ದು, ಏನೂ ಗೊತ್ತಾಗುವುದಿಲ್ಲ.

ಬರ್ಲಿನ್ನಿನ ಒಂದು ಸಣ್ಣ ಅಂಗಡಿಯಿಂದ ಹೊರಟ ಈ ಪ್ಲೇಟು ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಗೆ ಬಂದು ಮುಟ್ಟಲು 41 ದಿನ ಹಿಡಿಯಿತು. ದಾರಿಯಲ್ಲಿ ಎಲ್ಲೋ ಪೆಟ್ಟಿಗೆಯ ಒಂದು ಮೂಲೆ ಜಜ್ಜಿತ್ತು. ಸುಂಕ ಬೇರೆ. ಲೆಕ್ಕ ಹಾಕಿದರೆ ರೆಕಾರ್ಡಿನ ಬೆಲೆಗಿಂತ ಅದನ್ನು ತರಿಸಿದ ಖರ್ಚೇ ಜಾಸ್ತಿ. ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಅಂಚು ಒಂದು ಕೂದಲೆಳೆಯಷ್ಟೂ ಒಡೆದಿರಲಿಲ್ಲ. ಆಮೇಲೆಯೇ ಉಸಿರು ಬಿಟ್ಟೆ.

"ಯಾರ ಹಾಡ್ಯಾರ?" ಅಂತ ಅವ್ವ ಕೇಳಿದಳು.

"ಯಾರೂ ಹಾಡಿಲ್ಲವ್ವ. ಬರೇ ಮಷಿನ್ ಬಾರಿಸ್ಯಾರ."

"ಮಷಿನ್ ಸಪ್ಪಳ ಕೇಳಾಕ ಬರ್ಲಿನ್ ಯಾಕ ಬೇಕು, ನಿಮ್ಮ ಮಾಮಾನ ಶೆಡ್ಡಿಗೆ ಹೋಗು" ಅಂದಳು. ಅವಳು ಸಹಜವಾಗಿ ಹೇಳಿದ ಮಾತು. ನನಗೆ ಮಾತ್ರ ಅದು ತಲೆಯಲ್ಲಿ ಉಳಿದುಬಿಟ್ಟಿತು.

ಮೂರನೇ ದಿನ ಒಂದು ಮೆಸೇಜ್ ಬಂತು. ಗುರುತಿಲ್ಲದ ಸಂಗ್ರಾಹಕರೊಬ್ಬರು. ನಾನು ಕೊಟ್ಟಿದ್ದಕ್ಕೆ ಐದು ಪಟ್ಟು ಕೊಡುತ್ತೇನೆ, ಪ್ಲೇಟು ಒಮ್ಮೆಯೂ ಹಚ್ಚಿರಬಾರದು, ಅಷ್ಟೇ ಷರತ್ತು ಅಂತ ಬರೆದಿದ್ದರು. ನಾನು ಆಗಲೇ ಹನ್ನೆರಡು ಸಲವಾದರೂ ಹಚ್ಚಿದ್ದೆ.

ಹಚ್ಚದೇ ಇಟ್ಟ ರೆಕಾರ್ಡಿಗೆ ಜಾಸ್ತಿ ಬೆಲೆ. ಈ ಮಾತು ನನಗೆ ಇವತ್ತಿಗೂ ಸರಿಯಾಗಿ ಜೀರ್ಣ ಆಗಿಲ್ಲ.

ಮೊದಲು ಇದರಲ್ಲಿ ಏನಿದೆ ಅಂತ ಹೇಳುತ್ತೇನೆ. ಎ ಬದಿಯಲ್ಲಿ ಎರಡು ಹಾಡು, ಬಿ ಬದಿಯಲ್ಲಿ ಎರಡು. ಎ ಬದಿ ಪೂರ್ತಿ ಟೆಕ್ನೋ, ಅಂದರೆ ಯಂತ್ರಗಳಲ್ಲೇ ಕಟ್ಟಿದ ಕುಣಿತದ ಸಂಗೀತ. ನಾಲ್ಕು ಮಾತ್ರೆಗೆ ನಾಲ್ಕು ಪೆಟ್ಟು, ಒಂದೂ ತಪ್ಪುವುದಿಲ್ಲ. ಆ ಪೆಟ್ಟು ಮೆತ್ತಗಿಲ್ಲ. ತಗಡಿನ ಡ್ರಮ್ಮಿನೊಳಗೆ ಮಣ್ಣು ತುಂಬಿ ಸುತ್ತಿಗೆಯಿಂದ ಹೊಡೆದ ಹಾಗೆ, ಅಂಚು ಒಡೆದ ಸದ್ದು. ಅದರ ಮೇಲೆ ಒಂದೇ ಒಂದು ಸ್ವರ ಉದ್ದಕ್ಕೂ ಎಳೆದು ನಿಂತಿದೆ, ಆರು ನಿಮಿಷ. ಮೊದಲ ಸಲ ಕೇಳಿದಾಗ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಐದನೇ ಸಲ ಕೇಳಿದಾಗ ಆ ಸ್ವರ ಒಂದು ಕ್ಷಣವೂ ಸುಮ್ಮನೆ ನಿಂತಿಲ್ಲ ಅನ್ನುವುದು ತಿಳಿಯುತ್ತದೆ. ತಂಬೂರಿ ಕೇಳಿ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿ ಬದಿ ಎಲೆಕ್ಟ್ರೋ, ಅದೂ ಯಂತ್ರದ್ದೇ ಸಂಗೀತ. ಎರಡಕ್ಕೂ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಟೆಕ್ನೋಗೆ ಕಾಲು ನೆಟ್ಟಗೆ ನಡೆಯುತ್ತದೆ. ಎಲೆಕ್ಟ್ರೋದಲ್ಲಿ ಪೆಟ್ಟು ಎಲ್ಲಿ ಬೀಳಬೇಕು ಅಂತ ಕಾದಿರುತ್ತೀರೋ ಅಲ್ಲಿ ಬೀಳುವುದಿಲ್ಲ, ಅರ್ಧ ಹೆಜ್ಜೆ ತಡೆದು ಪಕ್ಕದಲ್ಲಿ ಬೀಳುತ್ತದೆ. ನನಗೆ ಹೋಳಿ ಹುಣ್ಣಿಮೆಯ ಹಲಗಿ ನೆನಪಾಗುತ್ತದೆ. ಹುಡುಗರು ಕಾಗದ ಕಸ ಸುಟ್ಟು ಆ ಬೆಂಕಿಗೆ ಹಲಗಿ ಹಿಡಿದು ಕಾಯಿಸುತ್ತಾರಲ್ಲ, ಚರ್ಮ ಬಿಗಿಯಾಗುತ್ತ ಹೋದ ಹಾಗೆ ಸದ್ದು ಹರಿತ ಆಗುತ್ತದೆ. ಹಳೇ ಹುಬ್ಬಳ್ಳಿಯಲ್ಲಿ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯ ಹೊರಟರೆ ಎದೆಯ ಗೂಡೇ ನಡುಗುತ್ತದೆ. ಗಡಸು ಸದ್ದು ನಮಗೆ ಹೊಸದೇನಲ್ಲ, ಅಲ್ವಾ?

ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಕಾರು ಕಾರ್ಖಾನೆಗಳ ಊರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸೌಂಡರ್ಸನ್ ಎಂಬ ಮೂವರು ಕಪ್ಪು ಹುಡುಗರು ಹತ್ತಿರದ ಬೆಲ್‌ವಿಲ್‌ನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ರಾತ್ರಿ ರೇಡಿಯೋದಲ್ಲಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ಎಂಬ ಯಂತ್ರಸಂಗೀತದ ಗುಂಪನ್ನು ಕೇಳಿ ತಲೆ ಕೆಡಿಸಿಕೊಂಡವರು. ಆಟ್ಕಿನ್ಸ್ ಮತ್ತು ರಿಕ್ ಡೇವಿಸ್ ಸೇರಿ ಸೈಬೋಟ್ರಾನ್ ಹೆಸರಿನಲ್ಲಿ 1981ರಲ್ಲಿ ಮೊದಲ ರೆಕಾರ್ಡ್ ತಂದರು. 1985ರಲ್ಲಿ ಆಟ್ಕಿನ್ಸ್ ಮೆಟ್ರೋಪ್ಲೆಕ್ಸ್ ಎಂಬ ತಮ್ಮದೇ ಲೇಬಲ್ ಶುರುಮಾಡಿದರು. ದೊಡ್ಡ ಕಂಪನಿಗಳನ್ನು ಕಾಯಲಿಲ್ಲ. ತಾವೇ ಒತ್ತಿಸಿದರು, ತಾವೇ ಅಂಗಡಿಗಳಿಗೆ ಹೊತ್ತುಕೊಂಡು ಹೋದರು.

ಅದೇ ಊರಿನಲ್ಲಿ 1990ರ ಆಸುಪಾಸಿಗೆ ಅಂಡರ್‌ಗ್ರೌಂಡ್ ರೆಸಿಸ್ಟನ್ಸ್ ಅನ್ನುವ ಗುಂಪು ಬಂತು. ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್, ಆಮೇಲೆ ರಾಬರ್ಟ್ ಹುಡ್. ಗಡಸು ಟೆಕ್ನೋ ಅಂತ ಈಗ ನಾವು ಏನನ್ನು ಕರೆಯುತ್ತೇವೋ ಅದರ ಬೇರು ಅಲ್ಲಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತರು. ನಮ್ಮ ಮುಖ ನೋಡಬೇಡಿ, ಸದ್ದು ಕೇಳಿ ಅನ್ನುವ ಹಟ. ಬರ್ಲಿನ್ ಗೋಡೆ ಬಿದ್ದ ಮೇಲೆ ಆ ಸದ್ದು ಅಲ್ಲಿಗೂ ಹೋಯಿತು. ಹಳೆಯ ವರ್ಟ್‌ಹೈಮ್ ಅಂಗಡಿಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ 1991ರಲ್ಲಿ ಟ್ರೆಸರ್ ಕ್ಲಬ್ ತೆರೆಯಿತು. ಅದರ ಲೇಬಲ್ಲಿನ ಮೊದಲ ರೆಕಾರ್ಡ್ ಮಾಡಿದವರು ಇದೇ ಡೆಟ್ರಾಯ್ಟ್‌ನವರು.

ಎಲೆಕ್ಟ್ರೋ ಬಗ್ಗೆ ಹೇಳುವಾಗ ಡ್ರೆಕ್ಸಿಯಾ ಹೆಸರನ್ನು ಬಿಡಲು ನನಗೆ ಮನಸ್ಸಿಲ್ಲ. ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್, ಇಬ್ಬರೂ ಡೆಟ್ರಾಯ್ಟ್‌ನವರೇ. ಅವರು ಒಂದು ಕಥೆ ಕಟ್ಟಿದ್ದರು. ಗುಲಾಮರ ಹಡಗುಗಳಿಂದ ಸಮುದ್ರಕ್ಕೆ ಎಸೆದ ಬಸುರಿ ಹೆಂಗಸರ ಮಕ್ಕಳು ನೀರೊಳಗೇ ಉಸಿರಾಡಲು ಕಲಿತು, ಅಲ್ಲೇ ಒಂದು ನಾಡು ಕಟ್ಟಿಕೊಂಡರು ಅಂತ. ಆ ಕಥೆ ಓದಿದ ಮೇಲೆ ಅವರ ಸದ್ದಿನ ಗುಳುಗುಳು ಬೇರೆಯಾಗಿಯೇ ಕೇಳುತ್ತದೆ. ಸ್ಟಿನ್ಸನ್ 2002ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಅವರ ಹೆಸರು ಗೊತ್ತಿದ್ದವರು ಬಹಳ ಕಡಿಮೆ.

ಹೀಗೆ ಹೆಸರು ಮರೆಸಿ ರೆಕಾರ್ಡ್ ತರುವುದು ನಮ್ಮ ಊರಿಗೂ ಗೊತ್ತಿರುವ ಸಂಗತಿ. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ಬಂದದ್ದು ಗಾಂಧಾರಿ ಅನ್ನುವ ಹೆಸರಿನಲ್ಲಿ. ಕಾರಣ ಬೇರೆ ಇರಬಹುದು. ಆದರೂ ಹೆಸರು ತಿಳಿಯದೆ ಬರೀ ದನಿ ಕೇಳಿ ಬೆರಗಾದವರು ಆಗಲೂ ಇದ್ದರಲ್ಲ.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ತಾಳದ ಯಂತ್ರ 1980ರಲ್ಲಿ ಬಂತು. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಅಂತ ಜನ ಮೂಗು ಮುರಿದರು. ಸುಮಾರು 12,000 ಮಾಡಿ 1983ರಲ್ಲಿ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾದಾಗ ಕೈಯಲ್ಲಿ ಕಾಸಿಲ್ಲದ ಹುಡುಗರು ಕೊಂಡರು. ಎಲೆಕ್ಟ್ರೋ ಇವತ್ತಿಗೂ ನಿಂತಿರುವುದು ಅದರ ಮೇಲೆ. ಅದೇ 808, ಜೊತೆಗೆ ಟಿಬಿ-303 ಅನ್ನುವ ಬೇಸ್ ಯಂತ್ರ, ಇವೆರಡನ್ನೂ ಇಟ್ಟುಕೊಂಡು 1982ರಲ್ಲಿ ಮುಂಬೈಯಲ್ಲಿ ಚರಣಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಬಾರಿಸಿದರು. ಭೈರವ, ಲಲಿತ, ತೋಡಿ, ಮಾಲಕೌಂಸ. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮತ್ತೆ ಒತ್ತಿ ಹೊರತಂದಾಗ ಯುರೋಪಿನವರು ಕಣ್ಣುಜ್ಜಿಕೊಂಡರು. ಯಾರೋ ಒಬ್ಬರ ಮನೆಯಲ್ಲಿ, ಯಾವುದೋ ಅಂಗಡಿಯ ಮೂಲೆಯಲ್ಲಿ ಹಳೇ ಪ್ಲೇಟು ಉಳಿದಿದ್ದಕ್ಕೇ ಅದು ಮತ್ತೆ ಕೇಳಿಸಿತು. ಉಳಿದರೆ ಸಾಲದು. ಯಾರೋ ಅದರ ಮೇಲೆ ಮುಳ್ಳು ಇಟ್ಟರು.

ಮುನ್ನೂರೇ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಬೇಕೆಂದೇ ಕಡಿಮೆ ಮಾಡಿ ಬೆಲೆ ಏರಿಸುವ ಆಟ ಇದು ಅಂತ ಅವರ ಗುಮಾನಿ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಇಂಥ ಸಂಗೀತದ ಲೆಕ್ಕ ಬೇರೆ. ಒಂದು ರೆಕಾರ್ಡ್ ಹುಟ್ಟುವುದು ಹೀಗೆ: ಮೆರುಗು ಬಳಿದ ಅಲ್ಯೂಮಿನಿಯಂ ತಟ್ಟೆಯನ್ನು ತಿರುಗಿಸಿ, ಮೇಲಿನಿಂದ ಒಂದು ಚೂಪು ಮೊನೆ ಇಳಿಸಿ, ಸದ್ದಿನ ಅಲುಗಾಟವನ್ನೇ ಗೀರಾಗಿ ಕೊರೆಯುತ್ತಾರೆ. ಕೊರೆದಾಗ ಏಳುವ ಕೂದಲಿನಂಥ ಎಳೆಯನ್ನು ಪಕ್ಕದ ನಳಿಕೆ ಹೀರಿಕೊಳ್ಳುತ್ತದೆ. ಆ ತಟ್ಟೆಗೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಕೂರಿಸಿ, ಅದರಿಂದ ಅಚ್ಚು ತೆಗೆಯುತ್ತಾರೆ. ಬಿಸಿ ಮಾಡಿದ ಪಿವಿಸಿ ಮುದ್ದೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಒತ್ತಿದರೆ ಪ್ಲೇಟು. ನೂರು ಒತ್ತಿಸಿದರೂ ಸಾವಿರ ಒತ್ತಿಸಿದರೂ ಅಚ್ಚಿನ ಖರ್ಚು ಅಷ್ಟೇ. ನೂರು ಮಾಡಿದರೆ ಒಂದೊಂದರ ಬೆಲೆ ಕೈಗೆ ಹತ್ತುವುದಿಲ್ಲ. ಸಾವಿರ ಮಾಡಿದರೆ ಏಳುನೂರು ಪ್ಲೇಟು ಮಂಚದ ಕೆಳಗೆ ಕೂರುತ್ತವೆ. ಮುನ್ನೂರಕ್ಕೆ ಹಾಕಿದ ರೊಕ್ಕ ವಾಪಸ್ ಬರುತ್ತದೆ, ಮುಂದಿನ ರೆಕಾರ್ಡಿಗೆ ಸ್ವಲ್ಪ ಉಳಿಯುತ್ತದೆ.

ಗಡಸು ಸದ್ದನ್ನು ಕೊರೆಯುವುದು ಅದಕ್ಕಿಂತ ಕಷ್ಟ. ತಳದ ಸದ್ದು ಜೋರಾದಷ್ಟೂ ಗೀರು ಅಗಲ ಆಗುತ್ತದೆ, ಜಾಗ ತಿನ್ನುತ್ತದೆ. ಅದಕ್ಕೇ ಹನ್ನೆರಡು ಇಂಚಿನ ದೊಡ್ಡ ಪ್ಲೇಟಿನಲ್ಲಿ ಬದಿಗೆ ಎರಡೇ ಹಾಡು. ತಳದ ಸದ್ದು ಎಡಕ್ಕೊಂದು ಬಲಕ್ಕೊಂದು ಅಂತ ಹಂಚಿದರೆ ಗೀರು ಮೇಲೆ ಕೆಳಗೆ ಕುಣಿಯುತ್ತದೆ, ಮುಳ್ಳು ಹಾರುತ್ತದೆ. ಹಾಗಾಗಿ ಅದನ್ನು ನಡುವಿಗೇ ಕೂರಿಸಬೇಕು. ಪ್ಲೇಟಿನ ಒಳಭಾಗಕ್ಕೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಮುಳ್ಳಿನ ಕೆಳಗೆ ಗೀರು ಹರಿಯುವ ವೇಗ ಕಡಿಮೆಯಾಗುತ್ತದೆ, ಚಿಣಿಚಿಣಿ ಸದ್ದುಗಳು ಒಡೆಯಲು ಶುರು. ಡೆಟ್ರಾಯ್ಟ್‌ನಲ್ಲಿ ರಾನ್ ಮರ್ಫಿ ಎಂಬುವರು ಈ ಕೊರೆಯುವ ಕೆಲಸ ಮಾಡುತ್ತಿದ್ದರು. ಆ ಊರಿನ ಎಷ್ಟೋ ಟೆಕ್ನೋ ರೆಕಾರ್ಡುಗಳು ಅವರ ಕೈಯಿಂದಲೇ ಬಂದವು. ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಜಾಗದಲ್ಲಿ ಕೈಯಿಂದ ಸಣ್ಣ ಅಕ್ಷರ ಗೀರುತ್ತಿದ್ದರು. ನನ್ನ ಪ್ಲೇಟಿನಲ್ಲೂ ಯಾರೋ ಹಾಗೆ ಅಂಕಿ ಗೀರಿದ್ದಾರೆ. ಒಂದು 7, ಯುರೋಪಿನವರ ಹಾಗೆ ನಡುವೆ ಅಡ್ಡಗೆರೆ ಹಾಕಿದ್ದು. ಹೆಸರಿಲ್ಲದ ಈ ವಸ್ತುವಿನಲ್ಲಿ ಒಬ್ಬ ಮನುಷ್ಯನ ಕೈ ಕಾಣಿಸಿದ್ದು ಅಲ್ಲಿ ಮಾತ್ರ.

ಎ ಬದಿಯ ಕೊನೆಯಲ್ಲಿ ಇನ್ನೊಂದು ಚಮತ್ಕಾರ ಇದೆ. ಸಾಮಾನ್ಯವಾಗಿ ಗೀರು ಸುರುಳಿಯಾಗಿ ಒಳಗೆ ಹೋಗುತ್ತದೆ. ಇಲ್ಲಿ ಕೊನೆಯ ಗೀರನ್ನು ಉಂಗುರದ ಹಾಗೆ ಅದರ ಬಾಲಕ್ಕೇ ಕೂಡಿಸಿದ್ದಾರೆ. ಮುಳ್ಳು ಅಲ್ಲಿಗೆ ಬಂದರೆ ಅಲ್ಲೇ ಸುತ್ತುತ್ತದೆ, ನೀವಾಗಿ ಎತ್ತುವವರೆಗೂ. ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ಒಂದು ಚೂರು ಜಾಸ್ತಿ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಅದರೊಳಗೆ ಸರಿಯಾಗಿ ನಾಲ್ಕು ಪೆಟ್ಟು ಕೂರಬೇಕಾದರೆ ತಾಳದ ವೇಗ ನಿಮಿಷಕ್ಕೆ 133 ಚಿಲ್ಲರೆ ಇರಬೇಕು. ಅಲ್ಲಿ ಕೂರಿಸಿದ್ದಾರೆ. ಟಕ್ ಟಕ್ ಟಕ್ ಟಕ್, ಮತ್ತೆ ಮೊದಲಿನಿಂದ.

ಐದು ಪಟ್ಟು ರೊಕ್ಕದ ಮೆಸೇಜಿಗೆ ಉತ್ತರ ಕೊಡದೆ ನಾಲ್ಕು ದಿನ ಯೋಚಿಸಿದೆ. ಹಚ್ಚಿದ ಪ್ಲೇಟು ಅವರಿಗೆ ಬೇಡ ಅನ್ನುವುದು ಗೊತ್ತಿತ್ತು, ಆದರೂ ರೊಕ್ಕ ನನಗೂ ಬೇಕು. ಆದರೆ ತಲೆಯಲ್ಲಿ ಸುತ್ತುತ್ತಿದ್ದುದು ಇಲ್ಲಿಯವರೇ ಇಬ್ಬರು. ಗಂಗೂಬಾಯಿ ಚಿಕ್ಕವರಿದ್ದಾಗ ಗ್ರಾಮೋಫೋನ್ ಸದ್ದು ಕಿವಿಗೆ ಬಿದ್ದರೆ ಬೀದಿಗೆ ಓಡುತ್ತಿದ್ದರಂತೆ, ಕೇಳಿದ್ದನ್ನು ಹಾಗೇ ಹಾಡುತ್ತಿದ್ದರಂತೆ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿದ. ಹಾಗೆ ಹಾಡಲು ಕಲಿಯಬೇಕು ಅಂತ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟ. ಬದಿಗೆ ಮೂರು ಚಿಲ್ಲರೆ ನಿಮಿಷದ, ಕೈ ಜಾರಿದರೆ ಒಡೆದು ಹೋಗುವ ಅರಗಿನ ಪ್ಲೇಟು. ಅದು ಅವನ ಸ್ವಂತದ್ದಲ್ಲ. ಯಾರೋ ಹಚ್ಚಿದ್ದರು, ದಾರಿಯಲ್ಲಿ ಹೋಗುವವನ ಕಿವಿಗೆ ಬಿತ್ತು.

ಆ ಅಂಗಡಿಯವರು ಪ್ಲೇಟು ಸವೆಯುತ್ತದೆ ಅಂತ ಕಪಾಟಿನಲ್ಲಿ ಇಟ್ಟಿದ್ದರೆ?

ಭಾನುವಾರ ಆಟೋ ಮಾಡಿಕೊಂಡು ಗೋಕುಲ ರಸ್ತೆಯ ಮಾಮಾನ ಲೇತ್ ಶೆಡ್ಡಿಗೆ ಹೋದೆ. ಲೇತ್ ಅಂದರೆ ಕಬ್ಬಿಣವನ್ನು ತಿರುಗಿಸುತ್ತ ಟೂಲಿನಿಂದ ಕೆತ್ತುವ ಯಂತ್ರ. ಕಾಲ ಮೇಲೆ ಟರ್ನ್‌ಟೇಬಲ್, ಪಕ್ಕದಲ್ಲಿ ಎರಡು ಸ್ಪೀಕರ್, ಮಡಿಲಲ್ಲಿ ಪ್ಲೇಟು. ಅರ್ಜೆಂಟ್ ಜಾಬ್ ಇದ್ದುದರಿಂದ ಮಾಮಾ ರಜೆ ದಿನವೂ ಬಾಗಿಲು ತೆಗೆದಿದ್ದರು. ಟ್ರ್ಯಾಕ್ಟರ್ ಪಿನ್ನು, ಬುಷ್, ಪಂಪಿನ ಶಾಫ್ಟು, ಇವರ ಕೈಗೆ ಬಾರದ್ದಿಲ್ಲ. ಮೂವತ್ತೈದು ವರ್ಷದಿಂದ ಅದೇ ಲೇತ್. ಮುಳ್ಳಿನ ಕಾರ್ಟ್ರಿಜ್ ಒಳಗೆ ಆಯಸ್ಕಾಂತ ಇರುತ್ತದೆ, ಕಬ್ಬಿಣದ ಪುಡಿ ಹತ್ತಿದರೆ ಮುಗಿಯಿತು. ಅದಕ್ಕೇ ಟರ್ನ್‌ಟೇಬಲ್ ಅನ್ನು ಗಾಜಿನ ಕ್ಯಾಬಿನ್ನಿನ ಮೇಜಿನ ಮೇಲಿಟ್ಟು, ಸ್ಪೀಕರ್ ಮಾತ್ರ ಹೊರಗಿಟ್ಟೆ.

ಮಾಮಾ ಮೊದಲು ಕೈ ತೊಳೆದುಕೊಂಡು ಬಂದರು. ನಾನು ಹೇಳಿರಲಿಲ್ಲ. ಎರಡೂ ಅಂಗೈಯಿಂದ ಅಂಚು ಹಿಡಿದು ಪ್ಲೇಟನ್ನು ಎತ್ತಿದರು, ಅಳತೆ ನೋಡಲು ಜಾಬ್ ಎತ್ತುವ ಹಾಗೇ. ಡ್ರಾದಿಂದ ಭೂತಗನ್ನಡಿ ತೆಗೆದು ಗೀರು ನೋಡಿದರು. ಬಹಳ ಹೊತ್ತು ನೋಡಿದರು.

"ಚಕ್ಕಿನೊಳಗ ಸ್ಕ್ರೋಲ್ ಇರ್ತೈತಿ ನೋಡು, ಹಂಗ ಐತಿ" ಅಂದರು. ಲೇತಿನಲ್ಲಿ ರಾಡನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಚಕ್ಕನ್ನು ಬಿಚ್ಚಿದರೆ ಒಳಗೆ ಇಂಥದೇ ಸುರುಳಿ ಗೀರಿನ ತಟ್ಟೆ ಇರುತ್ತದೆ. ಅದು ತಿರುಗಿದರೇ ದವಡೆಗಳು ಒಳಗೆ ಹೊರಗೆ ಸರಿಯುವುದು. "ಇದನ್ನ ಕೊರೆಯೋ ಮಷಿನ್‌ಗೆ ಏನಂತಾರ?"

"ಅದಕ್ಕೂ ಲೇತ್ ಅಂತಾರ್ರೀ ಮಾಮಾ."

ಅವರ ಮುಖದ ಮೇಲೆ ಆಗ ಬಂದ ಸಂತೋಷವನ್ನು ನಾನು ಮರೆಯುವುದಿಲ್ಲ.

ಎ ಬದಿ ಹಚ್ಚಿದೆ. ಕೆಲಸದ ಇಬ್ಬರು ಹುಡುಗರು ಬಾಗಿಲ ಹತ್ತಿರ ಬಂದು ನಿಂತರು. ತಳದ ಪೆಟ್ಟಿಗೆ ತಗಡಿನ ಛಾವಣಿ ಸಣ್ಣಗೆ ನಡುಗಿತು. ಮಾಮಾ ಒಂದು ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರು. ಬೇರಿಂಗ್ ಚೆನ್ನಾಗಿದೆಯೋ ಹೋಗಿದೆಯೋ ಅಂತ ಅವರು ನೋಡುವುದು ಹೀಗೇ. ಕಣ್ಣು ಮುಚ್ಚಿದ್ದರು.

"ಒಳಗ ಇನ್ನೊಂದು ಸಪ್ಪಳ ಐತಿ" ಅಂದರು. "ದೊಡ್ಡ ಪೆಟ್ಟಿನ ಹಿಂದ. ತುಸು ತಡದು ಬರ್ತೈತಿ."

ನಿಜ. ಆ ಸದ್ದು ನನಗೆ ಎಂಟನೇ ಸಲಕ್ಕೋ ಒಂಬತ್ತನೇ ಸಲಕ್ಕೋ ಸಿಕ್ಕಿತ್ತು. ಅವರಿಗೆ ಮೊದಲ ಸಲಕ್ಕೇ ಸಿಕ್ಕಿತು.

ಹಾಡು ಮುಗಿದು ಮುಳ್ಳು ಉಂಗುರದ ಗೀರಿಗೆ ಬಿತ್ತು. ಟಕ್ ಟಕ್ ಟಕ್ ಟಕ್. ನಾನು ಎತ್ತಲಿಲ್ಲ. ಮಾಮಾ ಸ್ವಲ್ಪ ಹೊತ್ತು ಪ್ಲೇಟು ತಿರುಗುವುದನ್ನೇ ನೋಡಿದರು. ಸ್ಟಾಂಪಿನ ಸೊಟ್ಟ ಗುರುತು ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಪೆಟ್ಟು. ಬೆರಳಿನಿಂದ ಮೇಜಿನ ಮೇಲೆ ಲೆಕ್ಕ ಹಾಕಿದರು.

"ಸುತ್ತಿಗೆ ನಾಕು. ಇದು ಚೌಕ ರಾಡು ತಿರುವಿದ್ಹಂಗ ಆತಲ್ಲೋ!"

ದುಂಡು ರಾಡಿಗೆ ಟೂಲ್ ತಾಗಿದರೆ ಒಂದೇ ಸಮ ಸುಯ್ ಅನ್ನುತ್ತದೆ. ಚೌಕ ರಾಡನ್ನು ದುಂಡು ಮಾಡಲು ಲೇತಿಗೆ ಕಟ್ಟಿದರೆ ಮೊದಲು ನಾಲ್ಕು ಮೂಲೆಗಳೇ ತಾಗುವುದು. ಒಂದು ಸುತ್ತಿಗೆ ನಾಲ್ಕು ಪೆಟ್ಟು. ಮೂಲೆ ಸವೆದಂತೆ ಪೆಟ್ಟು ಮೆತ್ತಗಾಗುತ್ತ, ಕೊನೆಗೆ ಒಂದೇ ಸದ್ದಾಗಿ ಕೂಡಿಕೊಳ್ಳುತ್ತದೆ. ಮಾಮಾ ಮೂಲೆಯ ಸ್ಕ್ರ್ಯಾಪಿನಿಂದ ಒಂದು ಚೌಕ ತುಂಡು ಹುಡುಕಿ ತಂದು ನಾಲ್ಕು ದವಡೆಯ ಚಕ್ಕಿಗೆ ಕಟ್ಟಿದರು. ನಿಧಾನ ತಿರುಗಿಸುವ ಬ್ಯಾಕ್ ಗೇರ್ ಹಾಕಿದರು. ಅವರ ಲೇತ್ ಎಷ್ಟು ನಿಧಾನ ತಿರುಗಿಸಿದರೂ ನಿಮಿಷಕ್ಕೆ 45ಕ್ಕಿಂತ ಕೆಳಗೆ ಇಳಿಯುವುದಿಲ್ಲ.

"ನಿಂದು ಎಷ್ಟರಾಗ ತಿರುಗಾಕತ್ತೈತಿ?"

"ಮೂವತ್ಮೂರು. ನಲವತ್ತೈದೂ ಆಗ್ತೈತ್ರಿ" ಅಂದೆ.

"ಹಂಗಾರ ಹಚ್ಚು."

45ರ ಗುಂಡಿ ಒತ್ತಿದೆ. ಪೆಟ್ಟು ಚುರುಕಾಯಿತು, ಸದ್ದು ತೆಳ್ಳಗಾಯಿತು. ಆಚೆ ಟೂಲ್ ರಾಡಿಗೆ ತಾಗಿತು. ಎರಡೂ ಒಂದರ ಮೇಲೊಂದು ಬಿದ್ದವು, ಆದರೆ ಕೂಡಲಿಲ್ಲ. ಓಡುವವರಿಬ್ಬರ ಹೆಜ್ಜೆಯ ಹಾಗೆ ಹತ್ತಿರ ಬಂದು ದೂರ ಸರಿದವು. ನಾನು ಟರ್ನ್‌ಟೇಬಲ್ಲಿನ ವೇಗದ ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದೆ. ಇನ್ನೂ ಸ್ವಲ್ಪ. ಮಾಮಾ ಫೀಡ್ ಹಿಡಿಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ, ಕಿವಿ ಮಾತ್ರ ಈ ಕಡೆ ತಿರುಗಿಸಿ ನಿಂತಿದ್ದರು. ಕೆಲಸದ ಹುಡುಗರಲ್ಲಿ ಚಿಕ್ಕವನು ಎಣ್ಣೆ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕಲು ಶುರುಮಾಡಿದ. ಹೋಳಿಯಲ್ಲಿ ಹಲಗಿ ಬಾರಿಸುವ ಹುಡುಗ ಅವನು. ಪೆಟ್ಟುಗಳ ನಡುವೆ ಖಾಲಿ ಇದ್ದ ಜಾಗ ಹುಡುಕಿ ಅಲ್ಲಿ ಬಾರಿಸಿದ.

"ಬಂತು, ಬಂತು" ಅಂದರು ಮಾಮಾ. "ಅಷ್ಟರಾಗ ಬಿಡು, ಮುಟ್ಟಬ್ಯಾಡ."

ಕಡ್ಡಿಯಿಂದ ಕೈ ತೆಗೆದೆ. ರಾಡಿನ ಮೂಲೆಗಳು ಇನ್ನೂ ಸವೆದಿರಲಿಲ್ಲ.